ಕಾವಲುಗಾರ್ತಿಯರ ಪಾಪದ ಲೆಕ್ಕ

ಎರಡನೇ ಮಹಾಯುದ್ಧ ಮುಗಿದ ವರ್ಷವೇ, 1945ರ ಡಿಸೆಂಬರ್ 13ರಂದು, ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ಸೆರೆಮನೆಯಲ್ಲಿ ಬೆಲ್ಸೆನ್ ಯಾತನಾ ಶಿಬಿರದ ಪ್ರಕರಣದ ಹನ್ನೊಂದು ಅಪರಾಧಿಗಳನ್ನು ಬ್ರಿಟಿಷರು ಗಲ್ಲಿಗೇರಿಸಿದರು. ಅವರಲ್ಲಿ ಎಂಟು ಮಂದಿ ಗಂಡಸರು, ಮೂವರು ಹೆಂಗಸರು. ಗಂಡಸರಲ್ಲಿ ಶಿಬಿರದ ಮುಖ್ಯಾಧಿಕಾರಿ ಜೋಸೆಫ್ ಕ್ರೇಮರನ ಹೆಸರು ಹಲವರಿಗೆ ಗೊತ್ತು, ಉಳಿದ ಏಳು ಮಂದಿಯ ಹೆಸರು ಯಾರ ನೆನಪಿನಲ್ಲೂ ಇಲ್ಲ. ಆದರೆ 22 ವರ್ಷದ ಇರ್ಮಾ ಗ್ರೇಸೆಯ ಹೆಸರು ಇಂದಿಗೂ ಪುಸ್ತಕ, ಚಲನಚಿತ್ರಗಳಲ್ಲಿ ಸುತ್ತುತ್ತಿದೆ. ಅವಳು ಉಳಿದವರಿಗಿಂತ ಹೆಚ್ಚು ಕೊಂದಳೆಂದೇ ಅಥವಾ ಅವಳು ಹೆಣ್ಣೆಂದೇ? ಇತಿಹಾಸಕಾರರನ್ನು ಬಹುಕಾಲದಿಂದ ಕಾಡಿರುವ ಪ್ರಶ್ನೆ ಇದು.

ಹಿಟ್ಲರನ ಯಾತನಾ ಶಿಬಿರಗಳಲ್ಲಿ ಮಹಿಳಾ ಕೈದಿಗಳನ್ನು ಕಾಯಲು ಮಹಿಳೆಯರನ್ನೇ ನೇಮಿಸಲಾಗುತ್ತಿತ್ತು. ಬರ್ಲಿನ್ನಿನ ಉತ್ತರಕ್ಕೆ ಸುಮಾರು 90 ಕಿಲೋಮೀಟರ್ ದೂರದ ರಾವೆನ್ಸ್‌ಬ್ರೂಕ್‌ನಲ್ಲಿ 1939ರ ಮೇ ತಿಂಗಳಲ್ಲಿ ಆರಂಭವಾದ ಮಹಿಳಾ ಶಿಬಿರವೇ ಅವರ ತರಬೇತಿ ಕೇಂದ್ರವೂ ಆಯಿತು. 1945ರ ಜನವರಿಯ ಲೆಕ್ಕದಂತೆ ಎಲ್ಲ ಶಿಬಿರಗಳಲ್ಲಿ ಸೇರಿ ಕಾವಲುಗಾರ್ತಿಯರ ಸಂಖ್ಯೆ ಸುಮಾರು 3,500, ಗಂಡಸರ ಸಂಖ್ಯೆ 37 ಸಾವಿರಕ್ಕೂ ಹೆಚ್ಚು. ಈ ಮಹಿಳೆಯರು ಹಿಟ್ಲರನ ಎಸ್‌ಎಸ್ ಪಡೆಯ ಪೂರ್ಣ ಸದಸ್ಯರಲ್ಲ, ಅದರ ಸಹಾಯಕ ಸಿಬ್ಬಂದಿ ಮಾತ್ರ. ಒಂದು ಶಿಬಿರದ ಮುಖ್ಯಾಧಿಕಾರಿಯ ಹುದ್ದೆಯೂ ಹೆಣ್ಣಿಗೆ ಸಿಗಲಿಲ್ಲ.

ಇವರು ಬಂದದ್ದು ಎಲ್ಲಿಂದ? ಹೆಚ್ಚಿನವರು ಕಾರ್ಖಾನೆಗಳಿಂದ, ಹೊಲಗಳಿಂದ, ಮನೆಗೆಲಸದಿಂದ ಬಂದವರು. ಕೆಲವರು ಪತ್ರಿಕೆಯ ಜಾಹೀರಾತು ನೋಡಿ ಅರ್ಜಿ ಹಾಕಿದರು. ಒಳ್ಳೆಯ ಸಂಬಳ, ಸಮವಸ್ತ್ರ, ವಸತಿ ಎಂಬುದೇ ಆಕರ್ಷಣೆ. ಯುದ್ಧದ ಕೊನೆಯ ವರ್ಷಗಳಲ್ಲಿ ಸರ್ಕಾರದ ಉದ್ಯೋಗ ವಿನಿಮಯ ಕಚೇರಿಗಳೇ ಹಲವರನ್ನು ಕಳುಹಿಸಿದವು. ಗ್ರೇಸೆ ಕೂಡ ದಾದಿಯಾಗಬೇಕೆಂದಿದ್ದವಳು. ಉದ್ಯೋಗ ಕಚೇರಿ ತನ್ನನ್ನು ಶಿಬಿರಕ್ಕೆ ಕಳುಹಿಸಿತೆಂದು ಅವಳು ನ್ಯಾಯಾಲಯದಲ್ಲಿ ಹೇಳಿದಳು. ಕೈದಿಗಳನ್ನು ಹೊಡೆದದ್ದನ್ನೂ ಅಲ್ಲಿಯೇ ಒಪ್ಪಿಕೊಂಡಳು. ಮಗಳ ಈ ನೌಕರಿಯ ಬಗ್ಗೆ ತಂದೆ ಸಿಟ್ಟಾಗಿದ್ದನೆಂಬುದಕ್ಕೆ ಅವಳ ತಂಗಿಯೇ ಸಾಕ್ಷಿ ನುಡಿದಳು. ಅಂದರೆ, ಇದು ಸಲ್ಲದೆಂಬ ತಿಳಿವಳಿಕೆ ಅವಳ ಮನೆಯಲ್ಲೇ ಇತ್ತು.

ಪತ್ರಿಕೆಗಳು ಮಾತ್ರ ಅವಳ ಕೂದಲಿನ ಬಣ್ಣವನ್ನೂ ರೂಪವನ್ನೂ ವರ್ಣಿಸುವುದರಲ್ಲಿ ಮುಳುಗಿದವು. 'ಸುಂದರ ಮೃಗ' ಎಂಬ ಅಡ್ಡಹೆಸರೂ ಹುಟ್ಟಿತು. ಕ್ರೇಮರನನ್ನೂ ಮೃಗವೆಂದೇ ಕರೆದರು, ಆದರೆ ಅವನ ಚೆಲುವಿನ ಗೊಡವೆಗೆ ಯಾರೂ ಹೋಗಲಿಲ್ಲ. ಹೆಣ್ಣು ಕ್ರೂರಿಯಾದರೆ ಪೂತನಿ, ತಾಟಕಿ ಎನ್ನುವ ರೂಢಿ ನಮ್ಮಲ್ಲೂ ಇದೆ. ಹೀಗೆ ಕರೆದಾಗ ಅವಳು ಮನುಷ್ಯರ ಸಾಲಿನಿಂದಲೇ ಹೊರಗೆ ಹೋಗುತ್ತಾಳೆ. ಸಾಧಾರಣ ಮನೆಯ ಹುಡುಗಿಯೊಬ್ಬಳು ಹೀಗಾದದ್ದು ಹೇಗೆ ಎಂದು ಕೇಳುವ ಅಗತ್ಯವೇ ಉಳಿಯುವುದಿಲ್ಲ.

ಇದಕ್ಕೆ ವಿರುದ್ಧವಾದ ಪೂರ್ವಗ್ರಹವೂ ಅಷ್ಟೇ ಬಲವಾದದ್ದು. ಮೈದಾನೆಕ್ ಶಿಬಿರದ ಕಾವಲುಗಾರ್ತಿ ಹೆರ್ಮೀನ್ ಬ್ರೌನ್‌ಸ್ಟೈನರ್ ಯುದ್ಧಾನಂತರ ಅಮೆರಿಕನ್ನನೊಬ್ಬನನ್ನು ಮದುವೆಯಾಗಿ ನ್ಯೂಯಾರ್ಕಿನಲ್ಲಿ ಗೃಹಿಣಿಯಾಗಿದ್ದಳು. 1964ರಲ್ಲಿ ಪತ್ರಿಕಾ ವರದಿಗಾರನೊಬ್ಬ ಅವಳ ಬಾಗಿಲು ತಟ್ಟುವವರೆಗೂ ಅವಳ ಹಿಂದಿನ ಕಥೆ ನೆರೆಹೊರೆಯವರಿಗೆ ಗೊತ್ತಿರಲಿಲ್ಲ. 1973ರಲ್ಲಿ ಅವಳನ್ನು ಜರ್ಮನಿಗೆ ಒಪ್ಪಿಸಲಾಯಿತು. 1975ರಲ್ಲಿ ಡ್ಯುಸೆಲ್‌ಡಾರ್ಫಿನಲ್ಲಿ ಆರಂಭವಾದ ವಿಚಾರಣೆ 1981ರಲ್ಲಿ ಮುಗಿದು ಅವಳಿಗೆ ಜೀವಾವಧಿ ಶಿಕ್ಷೆಯಾಯಿತು. ಆದರೆ ಮೂರೂವರೆ ಸಾವಿರ ಕಾವಲುಗಾರ್ತಿಯರಲ್ಲಿ ಹೆಚ್ಚಿನವರು ಕಟಕಟೆಯನ್ನೇ ಹತ್ತಲಿಲ್ಲ. ಮದುವೆಯಾಗಿ, ಹೆಸರು ಬದಲಾಗಿ, ಸಂಸಾರದಲ್ಲಿ ಕರಗಿಹೋದರು.

1980ರ ದಶಕದಲ್ಲಿ ಈ ಪ್ರಶ್ನೆ ಮಹಿಳಾ ಇತಿಹಾಸಕಾರರ ನಡುವೆಯೇ ವಾಗ್ವಾದವಾಯಿತು. ನಾಜಿ ಆಡಳಿತದಲ್ಲಿ ಹೆಣ್ಣೂ ಪಾಲುದಾರಳೆಂದು ಅಮೆರಿಕದ ಕ್ಲಾಡಿಯಾ ಕೂನ್ಜ್ ವಾದಿಸಿದರೆ, ಆ ಆಡಳಿತ ಹೆಂಗಸರ ಮೇಲೆ ನಡೆಸಿದ ದೌರ್ಜನ್ಯಕ್ಕೆ ಜರ್ಮನಿಯ ಗಿಸೆಲಾ ಬಾಕ್ ಒತ್ತು ಕೊಟ್ಟರು. ಎರಡರಲ್ಲೂ ಸತ್ಯವಿದೆ. ಆದರೆ ದೌರ್ಜನ್ಯಕ್ಕೆ ಒಳಗಾದವಳು ಇನ್ನೊಬ್ಬರ ಮೇಲೆ ದೌರ್ಜನ್ಯ ಮಾಡಲಾರಳೆಂದು ಅದರಿಂದ ಸಿದ್ಧವಾಗದು.

ಹಾಗಾದರೆ ಹೊಣೆಯನ್ನು ತೂಗುವುದು ಹೇಗೆ? ಜೊಹಾನ್ನಾ ಲಾಂಗೆಫೆಲ್ಡ್‌ಳ ಪ್ರಕರಣ ಇಲ್ಲಿ ಉಪಯುಕ್ತ. ಅವಳು ರಾವೆನ್ಸ್‌ಬ್ರೂಕ್ ಹಾಗೂ ಆಶ್‌ವಿಟ್ಜ್‌ನಲ್ಲಿ ಮುಖ್ಯ ಮೇಲ್ವಿಚಾರಕಿಯಾಗಿದ್ದವಳು. ಪೋಲಿಷ್ ಕೈದಿಗಳ ಬಗ್ಗೆ ಮೃದುವಾಗಿದ್ದಾಳೆಂಬ ಕಾರಣಕ್ಕೆ 1943ರಲ್ಲಿ ಕೆಲಸ ಕಳೆದುಕೊಂಡಳು. ಯುದ್ಧಾನಂತರ ಪೋಲೆಂಡಿನ ಸೆರೆಯಿಂದ ಅವಳು ತಪ್ಪಿಸಿಕೊಳ್ಳಲು ಹಿಂದಿನ ಕೈದಿಗಳೇ ನೆರವಾದರೆಂದು ಹೇಳಲಾಗುತ್ತದೆ. ಕೆಲವರಿಗೆ ಕರುಣೆ ತೋರಿದವಳೇ ಸಾವಿನ ಯಂತ್ರವನ್ನೂ ನಡೆಸಿದ್ದಳು. ಒಂದು ಇನ್ನೊಂದನ್ನು ಅಳಿಸಲಾರದು. ಅಧಿಕಾರ ಕಡಿಮೆಯಿದ್ದವರ ಹೊಣೆ ಕಡಿಮೆ ಎನ್ನುವುದು ನ್ಯಾಯವೇ. ಆದರೆ ಕೈಯಲ್ಲಿದ್ದ ಚಾಟಿಯ ಮಟ್ಟಿಗೆ ಅಧಿಕಾರ ಪೂರ್ತಿ ಅವರದೇ. ಕೆಲಸ ಬಿಟ್ಟು ಹೋದವರೂ ಇದ್ದರೆಂಬುದನ್ನು ಮರೆಯುವಂತಿಲ್ಲ.

ಸ್ಟುಟ್‌ಹಾಫ್ ಶಿಬಿರದಲ್ಲಿ ಬೆರಳಚ್ಚುಗಾರ್ತಿಯಾಗಿದ್ದ ಇರ್ಮ್‌ಗಾರ್ಡ್ ಫುರ್ಷ್‌ನರ್‌ಗೆ 2022ರ ಡಿಸೆಂಬರಿನಲ್ಲಿ, ತನ್ನ 97ನೇ ವಯಸ್ಸಿನಲ್ಲಿ, ಹತ್ತು ಸಾವಿರಕ್ಕೂ ಹೆಚ್ಚು ಕೊಲೆಗಳಿಗೆ ನೆರವಾದ ಅಪರಾಧಕ್ಕೆ ಎರಡು ವರ್ಷಗಳ ಅಮಾನತು ಶಿಕ್ಷೆಯಾಯಿತು. ಆಗ ಕೇವಲ ಹದಿಹರೆಯದವಳು, ಗುಮಾಸ್ತೆ ಎಂಬುದನ್ನು ನ್ಯಾಯಾಲಯ ಕಡೆಗಣಿಸಲಿಲ್ಲ, ಆದರೆ ಅದರಿಂದ ಅವಳ ಹೊಣೆ ಇಲ್ಲವಾಯಿತೆಂದೂ ಹೇಳಲಿಲ್ಲ.

ಜರ್ಮನಿಯ ಆ ಘೋರಕ್ಕೆ ನಮ್ಮ ಯಾವ ಮನೆಯ ಜಗಳವನ್ನೂ ಹೋಲಿಸಲಾಗದು. ಆದರೂ ಈ ಎರಡು ಪೂರ್ವಗ್ರಹಗಳು ನಮಗೆ ಅಪರಿಚಿತವಲ್ಲ. ವರದಕ್ಷಿಣೆ ಕಿರುಕುಳದ ಪ್ರಕರಣ ಕೋರ್ಟಿನ ಮೆಟ್ಟಿಲೇರಿದಾಗ ನವಲಗುಂದದಂಥ ಊರಿನ ಕಟ್ಟೆಯ ಮೇಲೂ ಮೊದಲು ಕೇಳುವ ಮಾತು 'ಹೆಣ್ಣಿಗೆ ಹೆಣ್ಣೇ ಶತ್ರು' ಎಂಬುದು. ಆ ಮಾತಿನ ಮರೆಯಲ್ಲಿ ಗಂಡ, ಮಾವ ಜಾರಿಕೊಳ್ಳುತ್ತಾರೆ. ಇನ್ನೊಂದು ಕಡೆ, 'ಪಾಪ, ವಯಸ್ಸಾದ ಹೆಂಗಸು, ಅವಳೇನು ಮಾಡ್ಯಾಳು' ಎನ್ನುವವರೂ ಇದ್ದಾರೆ. 1983ರಲ್ಲಿ ಬಂದ 498ಎ ಕಲಮು ಗಂಡನನ್ನೂ ಅವನ ಸಂಬಂಧಿಕರನ್ನೂ ಹೆಸರಿಸಿತೇ ಹೊರತು ಸಂಬಂಧಿಕರಲ್ಲಿ ಗಂಡು ಯಾರು, ಹೆಣ್ಣು ಯಾರು ಎಂದು ಕೇಳಲಿಲ್ಲ. 2024ರಿಂದ ಜಾರಿಯಲ್ಲಿರುವ ಹೊಸ ಸಂಹಿತೆಯೂ ಕೇಳುವುದಿಲ್ಲ. ಯಾರು ಏನು ಮಾಡಿದರು, ಮಾಡದಿರಲು ಅವರಿಗೆ ದಾರಿಯಿತ್ತೇ ಎಂಬ ಎರಡೇ ಪ್ರಶ್ನೆಗಳನ್ನು ಹಿಡಿದು ಇತಿಹಾಸವನ್ನು ಓದಿದರೆ ಇರ್ಮಾ ಗ್ರೇಸೆಯ ಜೊತೆಗೆ ನೇಣಿಗೇರಿದ ಆ ಏಳು ಗಂಡಸರೂ, ಕಟಕಟೆ ಹತ್ತದೆ ಉಳಿದ ಸಾವಿರಾರು ಹೆಂಗಸರೂ ಲೆಕ್ಕಕ್ಕೆ ಬರುತ್ತಾರೆ.