ಆತಕೂರಿನ ಬೇಟೆಯೂ ತೊಗಲು ಸುಲಿಯುವ ಚೂರಿಯೂ

ಮದ್ದೂರು ತಾಲ್ಲೂಕಿನ ಆತಕೂರಿನ ಶಿಲಾಶಾಸನವು ಕರ್ಣಾಟಕದ ವೀರಗಲ್ಲುಗಳೊಳಗೆ ವಿಲಕ್ಷಣವಾದುದು. ಶಕವರ್ಷ 872, ಎಂದರೆ ಕ್ರಿ. ಶ. 949-50ರ ಈ ಲೇಖದಲ್ಲಿ ತಕ್ಕೋಲದ ಯುದ್ಧವೂ, ಚೋಳ ರಾಜಾದಿತ್ಯನ ವಧೆಯೂ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಮತ್ತು ಗಂಗ ಇಮ್ಮಡಿ ಬೂತುಗನ ವಿಜಯವೂ ಉಕ್ತವಾಗಿವೆ. ಆದರೆ ಕಲ್ಲಿನಲ್ಲಿ ಕೆತ್ತಿರುವ ಚಿತ್ರವು ಇವರಾರದೂ ಅಲ್ಲ. ಒಂದು ನಾಯಿಯದು, ಒಂದು ಹಂದಿಯದು. ಯುದ್ಧದಲ್ಲಿ ಪರಾಕ್ರಮವನ್ನು ಮೆರೆದ ಮಣಲೇರನಿಗೆ ಬೂತುಗನು ಮೆಚ್ಚಿ ವರವನ್ನು ಬೇಡೆನ್ನಲು, ಅವನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಕೆಳಲೆನಾಡಿನ ಬೆಳತೂರಿನ ಗುಡ್ಡದಲ್ಲಿ ಅದನ್ನು ದೊಡ್ಡದೊಂದು ಹಂದಿಯ ಮೇಲೆ ಬಿಡಲಾಗಿ ಎರಡೂ ಒಡನೆಯೇ ಸತ್ತುವು. ನಾಯಿಯ ನೆನಪಿಗೆ ಚಲ್ಲೇಶ್ವರನ ಮುಂದೆ ಕಲ್ಲನ್ನು ನೆಡಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ನಾಯಿಯ ಹೆಸರು ಸಾವಿರ ವರ್ಷ ಉಳಿಯಿತು. ಸತ್ತ ಹಂದಿಯನ್ನು ಕೊಯ್ದವರಾರು, ಯಾವ ಆಯುಧದಿಂದ ಕೊಯ್ದರು ಎಂಬುದಕ್ಕೆ ಮಾತ್ರ ಶಾಸನದಲ್ಲಿ ಎಡೆಯಿಲ್ಲ. ಬೇಟೆಯ ಕೀರ್ತಿಯು ಬಿಲ್ಲಿಗೂ ನಾಯಿಗೂ ಸಲ್ಲುವುದು ಲೋಕರೂಢಿ. ಬೇಟೆಯು ಅಡಿಗೆಯ ಮನೆಯನ್ನು ಸೇರುವುದಾದರೋ ಚೂರಿಯ ದೆಸೆಯಿಂದ.

ಅಮರಸಿಂಹನು ಈ ಸಣ್ಣ ಆಯುಧಕ್ಕೆ ಶಸ್ತ್ರೀ, ಅಸಿಪುತ್ರೀ, ಛುರಿಕಾ, ಅಸಿಧೇನುಕಾ ಎಂದು ನಾಲ್ಕು ಹೆಸರುಗಳನ್ನು ಕೊಟ್ಟಿದ್ದಾನೆ. ಕತ್ತಿಯ ಮಗಳೆಂಬ ಅಸಿಪುತ್ರೀ ಶಬ್ದವು ಸೊಗಸಾದುದು. ತಾಯಿಯು ಮಾಡಲಾರದ ಮನೆಗೆಲಸವನ್ನು ಮಗಳೇ ಮಾಡತಕ್ಕವಳಷ್ಟೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಕ್ರಿ. ಶ. 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಮೃಗಯಾವಿನೋದವೂ ಅನ್ನಭೋಗವೂ ವಿಸ್ತಾರವಾಗಿ ವರ್ಣಿತವಾಗಿವೆ. ಅಲ್ಲಿ ಹಂದಿಯ ತೊಗಲನ್ನು ಸುಲಿಯುವ ಮಾತಿಲ್ಲ. ಬಟ್ಟೆ ಹೊದಿಸಿ ಬಿಸಿನೀರನ್ನು ಹೊಯ್ದೋ, ಹುಲ್ಲಿನ ಉರಿಯಲ್ಲಿ ಸುಟ್ಟೋ ರೋಮವನ್ನು ತೆಗೆಯಬೇಕು. ಹೊಲದ ಇಲಿಯನ್ನು ಬಾಲ ಹಿಡಿದು ಕಾದ ಎಣ್ಣೆಯಲ್ಲಿ ಅದ್ದಿ ರೋಮ ಕಳೆದ ಬಳಿಕವೇ ಹೊಟ್ಟೆಯನ್ನು ಸೀಳತಕ್ಕದ್ದು. ಅರಸನು ಇಲಿಯ ಪಾಕವನ್ನು ಬರೆದುದಕ್ಕೆ ಮೂಗು ಮುರಿಯುವವರುಂಟು. ಪ್ರಾಣಿಭೇದದಿಂದ ಕ್ರಮಭೇದವಾಗುವುದನ್ನು ಅವನು ಗಮನಿಸಿದುದೇ ಇಲ್ಲಿ ಮುಖ್ಯ.

ಮೊಲದ ವಿಚಾರವೇ ಬೇರೆ. ಅದರ ತೊಗಲು ತೆಳುವಾದುದು, ಬೇಗ ಹರಿಯುವುದು. ಹಿಂಗಾಲುಗಳ ಬಳಿ ಕೊಯ್ದು ದಾರಿ ಮಾಡಿದರೆ ಉಳಿದುದು ಅಂಗಿಯ ತೋಳನ್ನು ಕಳಚಿದಂತೆ ಕೈಯೆಳೆತಕ್ಕೇ ಬರುತ್ತದೆ. ಆದುದರಿಂದ ಮೊಲಕ್ಕೆ ಮಚ್ಚು ಸಲ್ಲದು. ನಾಲ್ಕು ಬೆರಳಿನಷ್ಟು ಉದ್ದದ ತೆಳುವಾದ ಅಲಗು ಸಾಕು. ಬಾಯಿ ಹರಿತವಾಗಿರಬೇಕು, ಮೊನೆ ಮಾತ್ರ ಅತಿ ಚೂಪಾಗಿರಬಾರದು. ಚೂಪಾದ ಮೊನೆ ಕರುಳನ್ನೋ ಮೂತ್ರಕೋಶವನ್ನೋ ಚುಚ್ಚಿತೆಂದರೆ ಮಾಂಸವೆಲ್ಲ ಕೆಟ್ಟಂತೆ. ನೆತ್ತರಿನಿಂದ ಒದ್ದೆಯಾದ ಕೈಯಿಂದ ಹಿಡಿ ಜಾರಕೂಡದು. ಉಡದ ತೊಗಲಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕಾಗಿತ್ತು. ಕಂಜಿರಕ್ಕೆ ಹಿಂದೆ ಅದನ್ನೇ ಹೊದಿಸುತ್ತಿದ್ದರಾಗಿ, ಒಂದು ತೂತು ಬಿದ್ದರೂ ನಾದ ಹೋಯಿತು. ಸಭೆಯಲ್ಲಿ ತಲೆದೂಗಿದ ರಸಿಕರಲ್ಲಿ ಆ ಚೂರಿಯ ಕೈಯನ್ನು ನೆನೆದವರು ವಿರಳ. ಕೌಜುಗಕ್ಕಾದರೆ ಚೂರಿಯ ಕೆಲಸವೇ ಅಲ್ಪ.

ಅಲಗು ತೆಳುವಾದಷ್ಟೂ ಉಕ್ಕು ಒಳ್ಳೆಯದಾಗಿರಬೇಕು. ಮದ್ದೂರಿನ ಮೂಡಣ ನೆರೆಯ ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಉಕ್ಕಿನ ತಂತಿಯನ್ನೆಳೆಯುತ್ತಿದ್ದುದನ್ನು 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದೊಡನೆ ತಂಗಡಿಯ ಕಡ್ಡಿಯನ್ನೂ ಹಸುರೆಲೆಯನ್ನೂ ಇಟ್ಟು, ಬಾಯಿ ಮುಚ್ಚಿ, ತಿದಿಯೂದಿ ಉಕ್ಕನ್ನು ಮಾಡುವ ಕ್ರಮವನ್ನೂ ಅವನು ಹೇಳುತ್ತಾನೆ. ಕಡ್ಡಿಯ ಇಂಗಾಲವೇ ಕಬ್ಬಿಣವನ್ನು ಸೇರಿ ಉಕ್ಕಾಗುವುದು. ಅಂಥ ಉಕ್ಕು ಕಲ್ಲುಕುಟಿಗನ ಚಾಣಕ್ಕೂ ಕತ್ತಿಯ ಅಲಗಿಗೂ ಸಲ್ಲುತ್ತಿತ್ತು. ಕಾಯಿಸಿ ನೀರಿನಲ್ಲಿ ಅದ್ದಿದೊಡನೆ ಅಲಗು ಗಡುಸಾಗುವುದೇನೋ ನಿಜ. ಮತ್ತೆ ಹದವಾಗಿ ಕಾಯಿಸದಿದ್ದರೆ ಎಲುಬು ತಗುಲಿದಲ್ಲಿ ಬಾಯಿ ಚಕ್ಕೆಯೇಳುವುದು. ಬಹಳ ಮೆತುವಾದರೆ ನಡುನಡುವೆ ಸಾಣೆ ಹಿಡಿಯಬೇಕಾಗುವುದು. ಈ ಹದವು ಕುಲುಮೆಯವನ ಕಣ್ಣಿನಲ್ಲಿತ್ತು, ಪುಸ್ತಕದಲ್ಲಿರಲಿಲ್ಲ.

ಕನ್ನಂಬಾಡಿಯ ಅಣೆಕಟ್ಟಾಗಿ, 1930ರ ದಶಕದಲ್ಲಿ ಇರ್ವಿನ್ ಕಾಲುವೆಯ ನೀರು ಹರಿದುಬಂದ ಮೇಲೆ ಮಂಡ್ಯ ಸೀಮೆಯ ನೆಲವೇ ಬೇರೆಯಾಯಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಕಾಲುವೆಯ ನೀರು ತಲುಪಿದಲ್ಲೆಲ್ಲ ಮೊಲ, ಕೌಜುಗಗಳಿಗೆ ಆಶ್ರಯವಾಗಿದ್ದ ಕುರುಚಲು ಬಯಲು ಕಬ್ಬಿನ ಗದ್ದೆಯಾಯಿತು. ಕುಲುಮೆಯವನಿಗೂ ಕಬ್ಬು ಕಡಿಯುವ ಮಚ್ಚಿನ ಕೆಲಸ ಬಂದಿತು. ಬಳಿಕ 1972ರ ವನ್ಯಜೀವಿ ಸಂರಕ್ಷಣಾ ಶಾಸನದಿಂದ ಬೇಟೆಯು ಅಪರಾಧವಾಯಿತು. ಉಡವನ್ನು ಕೊಲ್ಲುವುದಂತೂ ಘೋರಾಪರಾಧ. ಕಾಡುಪ್ರಾಣಿಗಳು ಅಳಿಯುತ್ತಿದ್ದುದನ್ನು ನೆನೆದರೆ ಈ ನಿರ್ಬಂಧವು ನ್ಯಾಯವಾದುದೇ. ಆದರೂ ಒಂದು ಕೈಗಾರಿಕೆಯ ವಿವೇಕವು ಯಾವ ಗ್ರಂಥವನ್ನೂ ಸೇರದೆ ಅದರೊಡನೆಯೇ ಮರೆಯಾಗುತ್ತ ಬಂದಿತು.

ಪೂರ್ಣವಾಗಿ ಹೋಯಿತೆನ್ನಲಾಗದು. ಮಳವಳ್ಳಿ ತಾಲ್ಲೂಕಿನ ಬಂಡೂರು ತನ್ನ ಗಿಡ್ಡಕಾಲಿನ, ತುಂಬಿದ ಮೈಯ ಕುರಿಗಳಿಂದ ಹೆಸರಾದ ಊರು. ಕುರಿಯ ತೊಗಲನ್ನು ಬಿಡಿಸುವಾಗಲೂ ಚೂರಿಯ ಕೆಲಸ ಮೊದಲ ಕೊಯ್ತದಲ್ಲಿಯೇ. ಕಾಲಿನ ಒಳಮಗ್ಗುಲಲ್ಲಿ ಗೀರಿ ಅಂಚು ಬಿಡಿಸಿಕೊಂಡರೆ, ಮಿಕ್ಕುದನ್ನು ತೊಗಲಿಗೂ ಮಾಂಸಕ್ಕೂ ನಡುವೆ ಮುಷ್ಟಿಯನ್ನು ತೂರಿಸಿ ನೂಕಿಯೇ ಬಿಡಿಸುವರು. ಅಲ್ಲಿ ಅಲಗನ್ನು ಆಡಿಸಿದರೆ ತೊಗಲಿನಲ್ಲಿ ಗಾಯ ಬಿದ್ದು ಬೆಲೆ ಇಳಿಯುವುದು.