ಸೂಜಿಗಲ್ಲು ಬಾಯಿಗೆ ಬಂದ ಕತೆ

ನಮ್ಮೂರ ಹಳಬರಿಗೆ ಅಯಸ್ಕಾಂತ ಅಂದ್ರೆ ತಿಳಿಯಲ್ಲ, ಸೂಜಿಗಲ್ಲು ಅನ್ನಬೇಕು. ಮೈಗೆ ನಾಟಿದ ಕಬ್ಬಿಣದ ಚೂರನ್ನು ಅದರಿಂದ ಎಳೆದು ತೆಗೆಯೋ ಮಾತು ಸುಶ್ರುತ ಸಂಹಿತೆಯಲ್ಲೇ ಇದೆ. ಹಲ್ಲಿನ ಸೆಟ್ ಹಿಡಿದಿಡೋ ಕೆಲಸಕ್ಕೆ ಮಾತ್ರ ಅದು ಬಂದಿದ್ದು ತೀರಾ ಈಚೆಗೆ.

ಪೂರ್ತಿ ಸೆಟ್ ಹಾಕಿಸಿಕೊಂಡವರನ್ನು ಕೇಳಿ ನೋಡಿ, ಮೇಲಿನದರ ಬಗ್ಗೆ ದೂರು ಕಮ್ಮಿ. ಅದು ಅಂಗುಳಕ್ಕೆ ಕಚ್ಚಿಕೊಂಡು ನಿಲ್ಲುತ್ತೆ. ಕೆಳಗಿನದು ಕುದುರೆ ಲಾಳದ ಆಕಾರ, ಹಿಡಿತಕ್ಕೆ ಜಾಗ ಇಲ್ಲ, ಪಕ್ಕದಲ್ಲೇ ಸದಾ ಅಲ್ಲಾಡೋ ನಾಲಿಗೆ. ಸಾಲದ್ದಕ್ಕೆ ಹಲ್ಲು ಕಿತ್ತ ಮೇಲೆ ದವಡೆಯ ಮೂಳೆ ವರ್ಷದಿಂದ ವರ್ಷಕ್ಕೆ ಸವೆಯುತ್ತೆ. ನಮ್ಮಜ್ಜಿ ವಿಜಯನಗರದ ಮನೆಗೆ ಬಂದಾಗ ಊಟಕ್ಕೆ ಮುಂಚೆ ಕೆಳಗಿನ ಸೆಟ್ ತೆಗೆದು ಲೋಟದಲ್ಲಿ ಇಡೋರು. ಮುದ್ದೆ ನುಂಗೋದು ತಾನೆ, ನಡೀತಿತ್ತು. ನಿಪ್ಪಟ್ಟು, ಕೋಡುಬಳೆ ಬಿಟ್ಟರು. ಆಮೇಲೆ ಮದುವೆ ಮನೆಗೆ ಹೋಗೋದನ್ನೂ ಬಿಟ್ಟರು.

1953ರಲ್ಲಿ ಅಮೆರಿಕದ ಫ್ರೀಡ್‌ಮನ್ ಒಂದು ಉಪಾಯ ಬರೆದರು: ಮೇಲಿನ ಸೆಟ್ಟಿಗೂ ಕೆಳಗಿನದಕ್ಕೂ ಅಯಸ್ಕಾಂತ ಕೂರಿಸಿ, ಒಂದೇ ಧ್ರುವಗಳು ಎದುರುಬದುರಾಗುವಂತೆ ಇಡೋದು. ಎರಡೂ ಒಂದನ್ನೊಂದು ತಳ್ಳಿ ಸೆಟ್ ಜಾಗದಲ್ಲೇ ಉಳಿಯುತ್ತೆ ಅನ್ನೋ ಲೆಕ್ಕ. ಆದರೆ ದೂರ ಹೆಚ್ಚಾದಂತೆ ಅಯಸ್ಕಾಂತದ ಬಲ ಸರ್ರನೆ ಇಳಿಯುತ್ತೆ. ಬಾಯಿ ತೆರೆದ್ರೆ ಹಿಡಿತ ಹೋಯ್ತು!

ನಮ್ಮ ಕೋಟೆ ಹತ್ತಿರದ ಸರ್ಕಾರಿ ದಂತ ಕಾಲೇಜು ಶುರುವಾಗಿದ್ದು 1958ರಲ್ಲಿ. ಅದಾಗಿ ಎರಡೇ ವರ್ಷಕ್ಕೆ, 1960ರಲ್ಲಿ, ಬೆರ್ಮನ್ ಎಂಬುವರು ದವಡೆ ಮೂಳೆಯೊಳಗೇ ಅಯಸ್ಕಾಂತ ಹೂತಿಟ್ಟ ವರದಿ ಪ್ರಕಟಿಸಿದರು. ಅಲ್ಲೂ ಅದೇ ತೊಡಕು: ನಡುವೆ ವಸಡಿನ ದಪ್ಪ.

ದಾರಿ ತೆರೆದಿದ್ದು ಎರಡು ಬದಲಾವಣೆಗಳಿಂದ. ಒಂದು, ವಸ್ತು. 1960ರ ದಶಕದಲ್ಲಿ ಸಮೇರಿಯಮ್-ಕೋಬಾಲ್ಟ್ ಬಂತು. 1980ರ ದಶಕದ ಮೊದಲಲ್ಲಿ ಜಪಾನಿನ ಸಗಾವಾ ಮತ್ತು ಅಮೆರಿಕದ ಜನರಲ್ ಮೋಟರ್ಸ್ ಬೇರೆ ಬೇರೆಯಾಗಿ ನಿಯೋಡಿಮಿಯಮ್ ಅಯಸ್ಕಾಂತ ಕಂಡುಹಿಡಿದರು. ನಮ್ಮ ಹಾರ್ಡ್‌ಡಿಸ್ಕು, ಇಯರ್‌ಫೋನುಗಳಲ್ಲಿ ಇರೋದೂ ಅದೇ. ಕೆಲವೇ ಮಿಲಿಮೀಟರ್ ತುಂಡಿಗೂ ಗಟ್ಟಿ ಹಿಡಿತ ಬಂತು.

ಇನ್ನೊಂದು, ಜಾಗ. ಅಯಸ್ಕಾಂತವನ್ನು ಮೂಳೆಯಿಂದ ತೆಗೆದು ಸೆಟ್ಟಿನೊಳಗೆ ಇಟ್ಟರು. ಉಳಿದ ಹಲ್ಲನ್ನು ಪೂರ್ತಿ ಕೀಳದೆ, ವಸಡಿನ ಮಟ್ಟಕ್ಕೆ ಕತ್ತರಿಸಿ, ಬೇರಿನ ಮೇಲೆ ಅಯಸ್ಕಾಂತಕ್ಕೆ ಅಂಟುವ ಲೋಹದ ಬಿಲ್ಲೆ ಕೂರಿಸಿದರು. ಸಿಡ್ನಿಯ ಗಿಲಿಂಗ್ಸ್ 1981ರಲ್ಲಿ ಬರೆದ ವಿನ್ಯಾಸದಲ್ಲಿ ಕಾಂತಕ್ಷೇತ್ರ ಹೊರಗೆ ಸೋರದೆ ಒಳಗೇ ಸುತ್ತುತ್ತೆ. ಬೇರು ಉಳಿದದ್ದರಿಂದ ಅದರ ಸುತ್ತಲ ಮೂಳೆಯೂ ಅಷ್ಟು ಬೇಗ ಸವೆಯಲ್ಲ.

ಕೊರತೆ ಇಲ್ಲದಿಲ್ಲ. ಎಂಜಲು ತಗುಲಿದ್ರೆ ಅಯಸ್ಕಾಂತ ತುಕ್ಕು ಹಿಡಿದು ಪುಡಿಯಾಗುತ್ತೆ, ಅದಕ್ಕೇ ಸ್ಟೀಲ್ ಕವಚ ಹಾಕಿ ಲೇಸರ್‌ನಿಂದ ಬೆಸೆಯೋದು. ಕವಚ ಸವೆದ್ರೆ ಬದಲಿಸಬೇಕು. ಎಂಆರ್‌ಐಗೆ ಮುಂಚೆ ಸೆಟ್ ತೆಗೆದು, ಬೇರಿನ ಮೇಲೆ ಬಿಲ್ಲೆ ಇದೆ ಅಂತ ಹೇಳಲೇಬೇಕು. ಗುಂಡಿಯಂತೆ ಸಿಕ್ಕಿಸೋ ಇತರ ಸೆಟ್ಟುಗಳ ಹಿಡಿತ ಇದಕ್ಕಿಂತ ಬಿಗಿ. ಆದರೆ ಕೈ ನಡುಗೋ ವಯಸ್ಸಾದವರಿಗೆ ಇದು ವರ: ಹತ್ತಿರ ತಂದ್ರೆ ಸಾಕು, ತಾನೇ ಕೂರುತ್ತೆ.

ಇದೆಲ್ಲ ಯಾಕೆ ಹೇಳ್ದೆ ಅಂದ್ರೆ, ನಮ್ಮ ಮನೆಗಳಲ್ಲಿ ಇವತ್ತಿಗೂ "ಕಾಟ ಸಾಕು, ಎಲ್ಲಾ ಕಿತ್ತಾಕಿ" ಅನ್ನೋ ಹಿರಿಯರೇ ಜಾಸ್ತಿ. ರಾಜಾಜಿನಗರದಿಂದ ಕೆಂಗೇರಿವರೆಗೆ ಬೀದಿಗೊಂದು ಡೆಂಟಲ್ ಕ್ಲಿನಿಕ್ ಇದೆ, ಕೆಂಗೇರಿ ದಾಟಿದ್ರೆ ಡೆಂಟಲ್ ಕಾಲೇಜೇ ಇದೆ. ಅಪ್ಪ-ಅಮ್ಮನನ್ನ ಕರ್ಕೊಂಡು ಹೋದಾಗ, ಕೀಳೋ ಮುಂಚೆ ಒಂದು ಪ್ರಶ್ನೆ ಕೇಳಿ: "ಡಾಕ್ಟ್ರೇ, ಉಳಿಸಬಹುದಾದ ಬೇರು ಒಂದೆರಡಾದ್ರೂ ಇದೆಯಾ?" ಕಿತ್ತ ಮೇಲೆ ಕೇಳಿ ಪ್ರಯೋಜನ ಇಲ್ಲ.