ತೊಪ್ಪೂರು ಏರಿನಲ್ಲಿ ಕಾರು ಎಳೆಯದಿದ್ದರೆ: ಇ.ಜಿ.ಆರ್. ವಾಲ್ವ್ ದೋಷ ಪತ್ತೆ

ಸೇಲಂನಿಂದ ಧರ್ಮಪುರಿ, ಹೊಸೂರು ಕಡೆಗೆ ಬರುವ ಸದಸ್ಯರಿಗೆಲ್ಲ ರಾಷ್ಟ್ರೀಯ ಹೆದ್ದಾರಿ 44ರ ತೊಪ್ಪೂರು ಘಾಟಿ ಗೊತ್ತೇ ಇದೆ. ಡೀಸೆಲ್ ಕಾರಿನ ಇ.ಜಿ.ಆರ್. ವಾಲ್ವ್ ಕೆಟ್ಟಿದ್ದರೆ ಅದು ಎದ್ದು ಕಾಣುವುದು ಇಂಥ ಏರಿನಲ್ಲೇ.

ಇದರ ಕೆಲಸವೇನು?
ಸೈಲೆನ್ಸರ್ ಕಡೆಗೆ ಹೋಗುವ ಹೊಗೆಯಲ್ಲಿ ಒಂದು ಪಾಲನ್ನು ಈ ವಾಲ್ವ್ ಮತ್ತೆ ಎಂಜಿನ್‌ಗೆ ಬಿಡುತ್ತದೆ. ಉರಿಯುವ ಶಾಖ ತಗ್ಗಿ, ನೈಟ್ರೋಜನ್ ಆಕ್ಸೈಡ್ ಕಡಿಮೆಯಾಗುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ವಾಲ್ವ್ ಮುಚ್ಚಬೇಕು. ಮಸಿ ಕಟ್ಟಿಕೊಂಡರೆ ಸಿಕ್ಕಿಹಾಕಿಕೊಳ್ಳುತ್ತದೆ. ಊರೊಳಗೆ ಬರೀ ಸಣ್ಣ ಓಡಾಟವಿರುವ ಕಾರುಗಳಲ್ಲಿ ಮಸಿ ಹೆಚ್ಚು.

ಲಕ್ಷಣಗಳು
• ತೆರೆದೇ ನಿಂತರೆ: ಏರಿನಲ್ಲಿ ಎಳೆತ ಇಲ್ಲ, ಕಪ್ಪು ಹೊಗೆ, ಐಡಲ್‌ನಲ್ಲಿ ನಡುಕ, ಕೆಲವೊಮ್ಮೆ ಎಂಜಿನ್ ಆಫ್.
• ಮುಚ್ಚಿಯೇ ನಿಂತರೆ: ಡೀಸೆಲ್‌ನಲ್ಲಿ ಎಂಜಿನ್ ದೀಪ ಬಿಟ್ಟರೆ ಬೇರೆ ಸುಳಿವು ಕಡಿಮೆ, ಪೆಟ್ರೋಲ್‌ನಲ್ಲಿ ಟಕಟಕ ಸದ್ದು ಬರಬಹುದು.

ಪರೀಕ್ಷೆಯ ಕ್ರಮ
1. ಸ್ಕ್ಯಾನರ್ ಹಾಕಿಸಿ, ಕೋಡ್ ಅಳಿಸುವ ಮೊದಲು ಬರೆದಿಟ್ಟುಕೊಳ್ಳಿ. ಪಿ0401 ಎಂದರೆ ಹೊಗೆ ಹರಿವು ಸಾಲದು, ಪಿ0402 ಎಂದರೆ ಹೆಚ್ಚಾಗಿದೆ, ಪಿ0403 ಎಂದರೆ ವಿದ್ಯುತ್ ಸಂಪರ್ಕದ ದೋಷ.
2. ವೈರ್, ಕನೆಕ್ಟರ್, ವ್ಯಾಕ್ಯೂಮ್ ಹೋಸ್ ನೋಡಿಸಿ. ಹರಿದ ಹೋಸ್ ಒಂದೇ ಕಾರಣವಾಗಿದ್ದರೆ ಖರ್ಚು ಅಲ್ಪ.
3. ವ್ಯಾಕ್ಯೂಮ್ ವಾಲ್ವ್ ಆದರೆ ಐಡಲ್‌ನಲ್ಲಿ ಕೈಪಂಪಿನಿಂದ ಎಳೆಯಬೇಕು. ಎಂಜಿನ್ ತಡವರಿಸಿದರೆ ವಾಲ್ವ್ ತೆರೆಯುತ್ತಿದೆ, ದಾರಿಯೂ ಸರಿ. ವ್ಯಾಕ್ಯೂಮ್ ನಿಲ್ಲದಿದ್ದರೆ ಡಯಾಫ್ರಾಮ್ ಹರಿದಿದೆ. ವ್ಯಾಕ್ಯೂಮ್ ನಿಂತರೂ ಎಂಜಿನ್ ಬದಲಾಗದಿದ್ದರೆ ವಾಲ್ವ್ ಸಿಕ್ಕಿದೆ, ಇಲ್ಲವೇ ದಾರಿ ಮಸಿಯಿಂದ ಮುಚ್ಚಿದೆ.
4. ಎಲೆಕ್ಟ್ರಿಕ್ ವಾಲ್ವ್ ಆದರೆ ಸ್ಕ್ಯಾನರ್‌ನಿಂದ ತೆರೆಸಿ, ಹೇಳಿದಷ್ಟು ತೆರೆಯಿತೇ ನೋಡಬೇಕು. ಡೀಸೆಲ್‌ನಲ್ಲಿ ಅದು ತೆರೆದಾಗ ಏರ್ ಫ್ಲೋ ಸೆನ್ಸರ್ ಅಂಕಿ ಇಳಿಯಬೇಕು.
5. ಎಂಜಿನ್ ತಣ್ಣಗಾದ ಮೇಲೆ ಬಿಚ್ಚಿ, ಕ್ಲೀನರ್‌ನಿಂದ ಮಸಿ ತೆಗೆಸಿ. ವಿದ್ಯುತ್ ಭಾಗ ನೆನೆಯಬಾರದು. ಹೊಸ ಗ್ಯಾಸ್ಕೆಟ್ ಹಾಕಿಸಿ.

ಏರ್ ಫಿಲ್ಟರ್ ಕಟ್ಟಿದ್ದರೂ, ಟರ್ಬೊ ಹೋಸ್ ಸೋರಿದರೂ ಎಳೆತ ಕುಸಿಯುತ್ತದೆ. ಅವನ್ನು ನೋಡದೆ ಹೊಸ ವಾಲ್ವ್ ಕೊಳ್ಳಬೇಡಿ. ಕೂಲೆಂಟ್ ಕಡಿಮೆಯಾಗುತ್ತಾ ಬಿಳಿ ಹೊಗೆ ಬಂದರೆ ಇ.ಜಿ.ಆರ್. ಕೂಲರ್ ಸೋರುತ್ತಿರಬಹುದು; ಹಾಗೆಯೇ ಓಡಿಸಬೇಡಿ.

ಇಳಿಜಾರಿನ ಎಚ್ಚರಿಕೆ
ಐಡಲ್‌ನಲ್ಲಿ ಆಫ್ ಆಗುವ ಕಾರನ್ನು ರಿಪೇರಿ ಮಾಡಿಸದೆ ಘಾಟಿಗೆ ತರಬೇಡಿ. ನ್ಯೂಟ್ರಲ್‌ನಲ್ಲಿ ಇಳಿಯುವಾಗ ಎಂಜಿನ್ ನಿಂತರೆ, ಒಂದೆರಡು ಸಲ ಒತ್ತಿದ ಮೇಲೆ ಬ್ರೇಕ್ ಗಟ್ಟಿಯಾಗುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ. ಯಾವ ಕಾರಾದರೂ ತೊಪ್ಪೂರನ್ನು ಕಡಿಮೆ ಗೇರಿನಲ್ಲೇ ಇಳಿಯಬೇಕು.

ತಗಡು ಇಟ್ಟು ವಾಲ್ವ್ ದಾರಿ ಮುಚ್ಚಿಕೊಡುತ್ತೇವೆ ಎನ್ನುವವರಿದ್ದಾರೆ. ಅದು ಮಾಲಿನ್ಯ ನಿಯಮಕ್ಕೆ ವಿರುದ್ಧ. ಎಂಜಿನ್ ದೀಪವೂ ಮತ್ತೆ ಹತ್ತಬಹುದು.

ತಮಿಳು ಮೆಕ್ಯಾನಿಕ್ ಹತ್ತಿರವೂ ‘ಇ.ಜಿ.ಆರ್.’ ಎಂದರೆ ಸಾಕು. ಹೊಗೆಗೆ ‘ಪುಗೈ’ ಎನ್ನಿ. ಬರೆದಿಟ್ಟ ಕೋಡ್ ತೋರಿಸಿದರೆ ಮಾತಿನ ತೊಡಕೂ ಇರದು.